ಸಾಕ್ಷಿಯ ಗಡ್ಡ

ಗಡ್ಡದ ಅಂಟು ಒಣಗುವವರೆಗೆ ಮಾತಾಡಕೂಡದು, ನಗಕೂಡದು, ಸೀನಂತೂ ಬರಲೇಕೂಡದು. ಇಪ್ಪತ್ತೈದು ವರ್ಷದಿಂದ ಪ್ರತಿ ಜುಲೈ ನಾಲ್ಕರ ಬೆಳಿಗ್ಗೆ ಎಲ್ವುಡ್ ಸ್ಟ್ರೂಬಲ್ ಹೀಗೇ ಬಚ್ಚಲಮನೆಯ ಕನ್ನಡಿಯೆದುರು ಗದ್ದ ಎತ್ತಿಕೊಂಡು ಹತ್ತು ನಿಮಿಷ ನಿಲ್ಲುತ್ತ ಬಂದಿದ್ದಾನೆ. ಆ ಹತ್ತು ನಿಮಿಷ ಅವನು ಅತ್ತಲೂ ಅಲ್ಲ, ಇತ್ತಲೂ ಅಲ್ಲ. ಕಣ್ಣಿನಿಂದ ಮೇಲೆ ಹಾರ್ಡ್‌ವೇರ್ ಅಂಗಡಿಯಲ್ಲಿ ಮೊಳೆ ತೂಗುವ ಎಲ್ವುಡ್, ಮೂಗಿನಿಂದ ಕೆಳಗೆ ಥ್ಯಾಡಿಯಸ್ ಕ್ರಲ್, ಸೇಬಿನ ಸಿಪ್ಪೆ ಸುಲಿಯುವ ಯಂತ್ರ ಕಂಡುಹಿಡಿದು ಲೂಮಿಸ್ ಬೆಂಡ್ ಎಂಬ ಊರನ್ನು ಭೂಪಟದ ಮೇಲೆ ತಂದವನು. ಬೇರೆ ವರ್ಷಗಳಲ್ಲಿ ಈ ಹೊತ್ತಿಗೆ ಎದೆ ತಾನಾಗಿ ಒಂದು ಅಂಗುಲ ಮುಂದೆ ಬರುತ್ತಿತ್ತು. ಈ ವರ್ಷ ದೇಶದ ಸ್ವಾತಂತ್ರ್ಯಕ್ಕೇ ಇನ್ನೂರು ತುಂಬಿದೆ, ಬೀದಿಬದಿಯ ಬೆಂಕಿ ಆರಿಸುವ ಕೊಳಾಯಿಗಳಿಗೆಲ್ಲ ಹಳೇ ಸೈನಿಕರ ಮುಖ ಬರೆದು ನಿಲ್ಲಿಸಿದ್ದಾರೆ, ಎದೆ ಎರಡಂಗುಲ ಬರಬೇಕಾಗಿತ್ತು. ಬದಲಿಗೆ ಕೋಟಿನ ಒಳಜೇಬಿನಲ್ಲಿ ಮಡಚಿಟ್ಟ ಕಾಗದ ಎದೆಗೆ ಒತ್ತುತ್ತಿತ್ತು. ಮಂಗಳವಾರದಿಂದ ಹೀಗೇ. ಬಿಸಿ ತುಪ್ಪ ಬಾಯಿಗೆ ಬಿದ್ದಿದೆ, ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ. ಹೊರಗಿನಿಂದ ಹೆಂಡತಿ ವರ್ನಾ ಬಾಗಿಲು ಬಡಿದಳು.

"ಎಲ್ವುಡ್, ಒಳಗೇನು ಮೊಟ್ಟೆ ಇಡ್ತಾ ಇದ್ದೀಯಾ? ಅಮ್ಮನ್ನ ಕಾರಲ್ಲಿ ಕೂರಿಸೋರು ಯಾರು?"

ಉತ್ತರ ಕೊಡುವ ಹಾಗಿರಲಿಲ್ಲ. ಅಂಟು ಒಣಗಿರಲಿಲ್ಲ. ಮೂವತ್ತಾರು ವರ್ಷದ ಸಂಸಾರದಲ್ಲಿ ಅವನು ಉತ್ತರ ಕೊಡದೇ ಇದ್ದದ್ದಕ್ಕೆ ಒಂದಲ್ಲ ಒಂದು ಕಾರಣ ಇದ್ದೇ ಇರುತ್ತಿತ್ತು.

ಮಂಗಳವಾರ ಅವನು ಗ್ರಂಥಾಲಯದ ಗೋಡೆಯಿಂದ ಆ ಚೌಕಟ್ಟನ್ನು ಇಳಿಸಿದ್ದು ಗಾಜು ಒರೆಸುವುದಕ್ಕೆ, ಬೇರೇನಕ್ಕೂ ಅಲ್ಲ. ಊರಿನ ಇತಿಹಾಸ ಸಂಘಕ್ಕೆ ಅವನೇ ಕಾರ್ಯದರ್ಶಿ, ಗಾಜು ಒರೆಸುವವನೂ ಅವನೇ. ಚೌಕಟ್ಟಿನೊಳಗೆ ಸಾವಿರದ ಎಂಟುನೂರ ಅರವತ್ತೆಂಟರ ಪೇಟೆಂಟ್ ಹಾಳೆ. ನಡುವೆ ಸಿಪ್ಪೆ ಯಂತ್ರದ ಚಿತ್ರ, ಹಲ್ಲುಚಕ್ರ, ಹಿಡಿ, ಸೇಬು ಚುಚ್ಚುವ ಮುಳ್ಳು. ಕೆಳಗೆ ಎಡಗಡೆ ಕೊಕ್ಕೆಕೊಕ್ಕೆಯಾಗಿ ಥ್ಯಾಡಿಯಸ್ ಕ್ರಲ್ ಎಂಬ ಸಹಿ. ಸುತ್ತ ಅಗಲವಾದ ಕಂದು ರಟ್ಟಿನ ಅಂಚು. ಊರಿನ ಮಕ್ಕಳೆಲ್ಲ ಮೂರನೇ ತರಗತಿಯಲ್ಲಿ ಸಾಲಾಗಿ ಬಂದು ಅದರ ಮುಂದೆ ಟೋಪಿ ತೆಗೆದು ನಿಲ್ಲುತ್ತಾರೆ, ಎಲ್ವುಡ್ ಕೂಡ ನಿಂತಿದ್ದ. ಹಿಂದಿನ ಹಲಗೆಯ ಮೊಳೆ ತುಕ್ಕು ಹಿಡಿದಿದ್ದವು. ಮೊಳೆಯೆಂದರೆ ಅವನ ಕೈ ಸುಮ್ಮನಿರುವುದಿಲ್ಲ, ಒಂದೊಂದಾಗಿ ಕಿತ್ತ. ರಟ್ಟಿನ ಅಂಚು ಜಾರಿ ಮೊಣಕಾಲ ಮೇಲೆ ಬಿತ್ತು. ಸಹಿಯ ಎಡಪಕ್ಕ, ನೂರು ವರ್ಷ ರಟ್ಟಿನ ಅಡಿಯಲ್ಲಿದ್ದು ಬಿಸಿಲು ಕಾಣದೆ ಬೆಳ್ಳಗೆ ಉಳಿದ ಜಾಗದಲ್ಲಿ, ಅಚ್ಚುಕಟ್ಟಾದ ಅಕ್ಷರದಲ್ಲಿ ಒಂದೇ ಒಂದು ಪದ ಇತ್ತು: ಸಾಕ್ಷಿಗಳು. ಪಕ್ಕದಲ್ಲಿ ಕ್ರಲ್‌ನ ಸಹಿ, ಅದರ ಕೆಳಗೆ, ರಟ್ಟಿನ ಅಡಿಯಲ್ಲೇ ಇದ್ದ ಅಸಾ ಪಿಂಗ್ರಿ ಎಂಬ ಇನ್ನೊಬ್ಬನ ಸಹಿ. ಬಲಗಡೆ ರಟ್ಟು ಮುಚ್ಚಿದ್ದ ಮೂಲೆಯಲ್ಲಿ 'ಸಂಶೋಧಕ' ಎಂದು ಬರೆದು ಅದರಡಿ ಬೇರೆ ಯಾವುದೋ ಹೆಸರು. ಎಲ್ವುಡ್‌ನ ಕಣ್ಣು ಮತ್ತೆ ಎಡಕ್ಕೇ ಹೋಯಿತು. ಸಾಕ್ಷಿ. ಯಾರೋ ಯಂತ್ರ ಮಾಡಿದ್ದಾರೆ, ಅವರು ರುಜು ಹಾಕುವಾಗ ಈ ಮಹಾನುಭಾವ ಪಕ್ಕದಲ್ಲಿ ನಿಂತು ನೋಡಿದ್ದಾನೆ. ನೋಡಿದ್ದಕ್ಕೆ ಒಂದು ಪ್ರತಿ ಸಿಕ್ಕಿದೆ. ಮನೆಗೆ ತಂದು ಗೋಡೆಗೆ ಹಾಕಿದ್ದಾನೆ. ಸುಳ್ಳೇ ಹೇಳಿದ್ದಾನೆ ಅಂತಲೂ ಇಲ್ಲ. ಗೋಡೆಗೆ ಹಾಕಿ ಸುಮ್ಮನಿದ್ದಿರಬಹುದು. ಲೂಮಿಸ್ ಬೆಂಡ್‌ನಲ್ಲಿ ದೊಡ್ಡ ಮನುಷ್ಯ ಆಗುವುದಕ್ಕೆ ಅಷ್ಟು ಸಾಕು.

ಓಹಾಯೋದಲ್ಲಿ ಹುಟ್ಟಿದ ಊರಿಗೆ ಇದೊಂದು ಶಾಪ ಎಂದು ಎಲ್ವುಡ್‌ಗೆ ಎಷ್ಟೋ ಸಲ ಅನ್ನಿಸಿದೆ. ಇಲ್ಲಿ ಕಣ್ಣುಮುಚ್ಚಿ ಒಂದು ಕಲ್ಲೆಸೆದರೆ ಒಬ್ಬ ಅಧ್ಯಕ್ಷನ ಮನೆಯ ಹೆಂಚು ಒಡೆಯುತ್ತದೆ. ಬಲ್ಬು ಉರಿಸಿದವನು ಹುಟ್ಟಿದ ಊರು ಅತ್ತ, ವಿಮಾನ ಹಾರಿಸಿದ ಅಣ್ಣತಮ್ಮಂದಿರ ಊರು ಇತ್ತ, ಏಳು ವರ್ಷದ ಕೆಳಗೆ ಚಂದ್ರನ ಮೇಲೆ ಕಾಲಿಟ್ಟವನೂ ನಮ್ಮವನೇ. ಇಂಥವರ ಮಧ್ಯೆ ಏನೂ ಇಲ್ಲದ ಊರು ತಲೆ ಎತ್ತಿಕೊಂಡು ಹೇಗೆ ಬದುಕಬೇಕು? ಸಿಪ್ಪೆಯಾದರೂ ಬೇಕಲ್ಲ. ಊರ ಹೆಬ್ಬಾಗಿಲಲ್ಲಿ ಹನ್ನೆರಡು ಅಡಿಯ ತಗಡಿನ ಸಿಪ್ಪೆ ಯಂತ್ರ ನಿಂತಿದೆ. ಶಾಲೆಯ ಫುಟ್‌ಬಾಲ್ ತಂಡದ ಹೆಸರೇ ಸುಲಿಯುವವರು. ಎದುರಾಳಿಗಳು ಇದನ್ನಿಟ್ಟುಕೊಂಡು ಆಡದ ತಮಾಷೆ ಇಲ್ಲ. ಈ ಹೆಮ್ಮೆಯ ಒಡೆತನ ಕ್ರಲ್ ಮನೆಯದು, ಎಲ್ವುಡ್ ಆ ಮನೆಗೆ ಬಂದ ಅಳಿಯ. ಬರೀ ಅಳಿಯನೂ ಅಲ್ಲ, ಮನೆ ಅಳಿಯ. ಮದುವೆಯಾದ ಸೋಮವಾರವೇ ಮಾವ ಅವನ ಕೈಗೆ ಅಂಗಡಿಯ ಏಪ್ರನ್ ಕೊಟ್ಟಿದ್ದರು. ಅದರ ಎದೆಯ ಮೇಲೆ 'ಕ್ರಲ್ ಹಾರ್ಡ್‌ವೇರ್' ಎಂದು ಹೊಲಿದಿತ್ತು. ಮಾವ ಸತ್ತು ಹದಿನೆಂಟು ವರ್ಷವಾದರೂ ಬೋರ್ಡಿನ ಮೇಲೆ ಅದೇ ಹೆಸರು. ಸ್ಟ್ರೂಬಲ್ ಎಂಬ ಹೆಸರು ಇರುವುದು ಅಂಚೆಯವನ ಚೀಲದಲ್ಲಿ ಮಾತ್ರ. ನಲವತ್ತೇಳನೇ ಇಸವಿಯಲ್ಲಿ ಅವನು ಹಿತ್ತಲ ಶೆಡ್ಡಿನಲ್ಲಿ ಕೂತು ತಗಡು ಬಗ್ಗಿಸಿ ಒಂದು ಮೂತಿ ಮಾಡಿದ್ದ; ಬಣ್ಣದ ಡಬ್ಬದ ಬಾಯಿಗೆ ಸಿಕ್ಕಿಸಿದರೆ ಬಣ್ಣ ಹೊರಗೆ ಸೋರದೆ ನೇರವಾಗಿ ಸುರಿಯುತ್ತಿತ್ತು. ಊಟದ ಮೇಜಿನ ಮೇಲೆ ಅದನ್ನು ಇಟ್ಟಾಗ ಮಾವ ಕೈಯಲ್ಲಿ ತಿರುಗಿಸಿ ನೋಡಿ, "ಒಂದು ಮನೆಗೆ ಒಬ್ಬ ಸಂಶೋಧಕ ಸಾಕು ಮಗು, ಆಲೂಗಡ್ಡೆ ಇತ್ಲಾಗೆ ಕೊಡು" ಅಂದರು. ಎಲ್ಲರೂ ನಕ್ಕರು. ವರ್ನಾಳೂ ನಕ್ಕಳು. ಎಂಟು ವರ್ಷದ ಮೇಲೆ ಯಾವುದೋ ಕಂಪನಿ ಥೇಟ್ ಅಂಥದ್ದನ್ನೇ ಸಾವಿರಗಟ್ಟಲೆ ಮಾಡಿ ಮಾರಿತು. ಈಗ ಅಂಗಡಿಯ ನಾಲ್ಕನೇ ಸಾಲಿನಲ್ಲಿ ನೇತು ಹಾಕಿರುತ್ತಾನೆ, ಗಿರಾಕಿ ಕೇಳಿದರೆ ತೆಗೆದು ಕೊಡುತ್ತಾನೆ, ಬಹಳ ಉಪಯೋಗಕ್ಕೆ ಬರುತ್ತೆ ಅಂತ ತಾನೇ ಹೊಗಳುತ್ತಾನೆ.

ಅತ್ತೆ ಅಡೀಲಿಯಾ ಕ್ರಲ್‌ಗೆ ಎಂಬತ್ತಾರು. ಕ್ರಲ್ ರಕ್ತ ಆಕೆಯದೂ ಅಲ್ಲ, ಹಕ್ಕಿನಿಂದ ನೋಡಿದರೆ ಆಕೆಯೂ ಎಲ್ವುಡ್‌ನ ಹಾಗೆ ಹೊರಗಿಂದ ಬಂದವಳೇ. ಆದರೆ ಹೂವಿನ ಜೊತೆ ನಾರೂ ಸ್ವರ್ಗಕ್ಕೆ ಹೋಗಿ ಈಗ ಹೂವಿಗೇ ಸುವಾಸನೆ ಹೇಳಿಕೊಡುತ್ತಿತ್ತು. ಅವನು ಆಕೆಯನ್ನು ಎತ್ತಿ ಕಾರಿನಲ್ಲಿ ಕೂರಿಸಿ ಗಾಲಿಕುರ್ಚಿಯನ್ನು ಹಿಂದೆ ಹಾಕಿದ. ಆಕೆ ಅವನ ಗಡ್ಡವನ್ನು ನೋಡಿ ತಲೆದೂಗಿದಳು.

"ವರ್ನಾ, ನೋಡೇ. ನಿನ್ನ ಗಂಡ ಗಡ್ಡ ಹಾಕ್ಕೊಂಡ್ರೆ ಗಂಡಸಿನ ಹಾಗೆ ಕಾಣ್ತಾನೆ."

"ಅದಕ್ಕೇ ವರ್ಷಕ್ಕೊಂದು ಸಲ ಹಾಕಿಸೋದು ಅಮ್ಮಾ," ಅಂದಳು ವರ್ನಾ. ಅವಳ ತೊಡೆಯ ಮೇಲೆ, ಬಟ್ಟೆ ಮುಚ್ಚಿದ ತಟ್ಟೆಯಲ್ಲಿ, ಕಣಕದೊಳಗೆ ಸೇಬು ತುಂಬಿ ಬೇಯಿಸಿದ ಪೈ ಇತ್ತು. ಹನ್ನೊಂದು ವರ್ಷದಿಂದ ಸೇಬಿನ ಪೈ ಸ್ಪರ್ಧೆಯಲ್ಲಿ ಮೊದಲ ಬಹುಮಾನದ ನೀಲಿ ಪಟ್ಟಿ ಅವಳದೇ. ಕ್ರಲ್ ಮನೆಯ ಹೆಣ್ಣಲ್ಲದೆ ಇನ್ಯಾರಿಗೆ ಬರಬೇಕು ಅಂತ ಊರಿನ ತೀರ್ಮಾನ. ಪೈ ಮಾಡುವ ದಿನ ಅಡುಗೆಮನೆಯ ಬಾಗಿಲಿಗೆ ಒಳಗಿನಿಂದ ಚಿಲಕ ಬೀಳುತ್ತಿತ್ತು, ಎಲ್ವುಡ್ ನೀರು ಕುಡಿಯಬೇಕಾದರೂ ಬಚ್ಚಲಿಗೆ ಹೋಗಬೇಕಿತ್ತು.

ಈಗ ಹೇಳಿಬಿಡಲೇ ಅಂತ ಅವನಿಗೆ ಅನ್ನಿಸಿತು. ಕಾರು ಚಲಿಸುತ್ತಿರುವಾಗಲೇ, ಕನ್ನಡಿಯಲ್ಲಿ ಅತ್ತೆಯ ಮುಖ ನೋಡುತ್ತ, ನಿಮ್ಮ ಯಜಮಾನರ ತಾತ ಏನೂ ಮಾಡಿಲ್ಲ, ಪಕ್ಕದಲ್ಲಿ ನಿಂತಿದ್ದ ಅಷ್ಟೇ, ನಾನು ನಿಮ್ಮ ಮನೆಯಲ್ಲಿ ಮೂವತ್ತಾರು ವರ್ಷದಿಂದ ನಿಂತಿದ್ದೀನಲ್ಲ ಹಾಗೆ. ನಾಲಗೆಯ ತುದಿಗೆ ಬಂತು. ಆ ಹೊತ್ತಿಗೆ ಅತ್ತೆ, "ಮೆಲ್ಲಗೆ ಹೋಗೋ, ನನ್ನನ್ನೇನು ಹೂಳೋಕೆ ಕರ್ಕೊಂಡು ಹೋಗ್ತಿದ್ದೀಯಾ" ಅಂದಳು. ಅವನು ಮೆಲ್ಲಗೆ ಹೋದ. ಸತ್ಯ ಹೇಳಬೇಕೆಂಬ ಆಸೆಯಲ್ಲಿ ಸತ್ಯದ ಪಾಲು ಎಷ್ಟು, ಆಲೂಗಡ್ಡೆಯ ಪಾಲು ಎಷ್ಟು ಎಂದು ಐದು ದಿನದಿಂದ ಅವನು ತನ್ನನ್ನೇ ಕೇಳಿಕೊಂಡಿದ್ದ. ಲೆಕ್ಕ ತನ್ನ ಪರವಾಗಿ ಬಂದಿರಲಿಲ್ಲ. ಅದೂ ಅಲ್ಲದೆ ಅವನ ಕೈಯೂ ಈಗ ಶುದ್ಧವಿರಲಿಲ್ಲ. ಮಂಗಳವಾರವೇ ಬ್ಯಾಂಕಿನ ಯಂತ್ರದಲ್ಲಿ ಆ ಹಾಳೆಯ ಅಂಚುಗಳನ್ನು ಹಿಂದಕ್ಕೆ ಮಡಚಿ ನಕಲು ತೆಗೆಸಿದ್ದ. ಬೇಕಾದಷ್ಟು ಮಾತ್ರ ಬೀಳುವ ಹಾಗೆ. ಆ ನಕಲನ್ನು ಚೌಕಟ್ಟಿಗೆ ಹಾಕಿ, ಮೊದಲಿನ ಹಾಗೆ ಮೊಳೆ ಹೊಡೆದು ಗೋಡೆಗೆ ತೂಗುಹಾಕಿ, ಅಸಲನ್ನು ಜೇಬಿಗಿಳಿಸಿದ್ದ. ಯೋಚಿಸಿ ಮಾಡಿದ್ದಲ್ಲ. ಕೈ ಮಾಡಿತು. ಸಂಘದ ಕಾರ್ಯದರ್ಶಿಯ ಕೈ.

ಗುರುವಾರ ಮೇಯರ್ ಮರ್ಲ್ ಓಟ್‌ವೆಲ್ ಹತ್ತಿರ ಬಾಯಿಬಿಡಲು ಹೋಗಿದ್ದೂ ಆಗಿತ್ತು. ಮರ್ಲ್ ಮೇಯರ್ ಆಗಿರುವುದು ಸಂಜೆ ಹೊತ್ತು, ಹಗಲೆಲ್ಲ ಊರಿನ ಹೆಣ ಹೂಳುವವನು. ಇನ್ನೂರನೇ ವರ್ಷದ ನೆನಪಿಗೆಂದು ನೂರು ವರ್ಷ ನೆಲದಲ್ಲಿ ಹೂತಿಡುವ ಪೆಟ್ಟಿಗೆಯನ್ನು ಅವನೇ ದಾನ ಮಾಡಿದ್ದ. ನೋಡಲು ಪೆಟ್ಟಿಗೆ, ಮೂಲದಲ್ಲಿ ಶವಪೆಟ್ಟಿಗೆ. ಗಿಡ್ಡ ಅಳತೆಯದು, ಗಿರಾಕಿ ಬರಲಿಲ್ಲವಂತೆ.

"ಮರ್ಲ್, ಸುಮ್ನೆ ಕೇಳ್ತೀನಿ. ಊರು ಗೌರವಿಸೋ ಒಬ್ಬ ಮನುಷ್ಯ, ಅಸಲಿಗೆ ಅವನು ಆ ಕೆಲಸ ಮಾಡೇ ಇಲ್ಲ ಅಂತ ಗೊತ್ತಾದ್ರೆ?"

"ಬದುಕಿದಾನೋ, ಸತ್ತಿದಾನೋ?"

"ಸತ್ತಿದಾನೆ."

"ಹಾಗಾದ್ರೆ ಮಾಡಿದಾನೆ ಬಿಡು," ಅಂದ ಮರ್ಲ್, ಪೆಟ್ಟಿಗೆಯ ಮುಚ್ಚಳಕ್ಕೆ ಮೇಣ ಉಜ್ಜುತ್ತ. "ಮೂವತ್ತು ವರ್ಷದಿಂದ ಈ ಊರಿನ ಹೆಣ ಹೂಳ್ತಾ ಇದ್ದೀನಿ ಎಲ್ವುಡ್. ಒಬ್ಬನೇ ಒಬ್ಬ ಕೆಟ್ಟೋನನ್ನ ಹೂತಿಲ್ಲ."

ಎಲ್ವುಡ್ ನಕ್ಕು ಎದ್ದು ಬಂದ. ಬರುವಾಗ ದಾರಿಯಲ್ಲಿ, ತಾನು ಸತ್ತಾಗ ಇವನು ಏನು ಹೇಳಬಹುದು ಎಂಬ ಯೋಚನೆ ಬಂತು. ವರ್ನಾಳ ಗಂಡ ಅನ್ನಬಹುದು. ಅಳಿಯ ಅಲ್ಲ ಮಗಳ ಗಂಡ ಅಂತ ಎರಡು ಸಲ ಹೇಳಿ ಮುಗಿಸಬಹುದು.

ಮೆರವಣಿಗೆ ಹನ್ನೊಂದಕ್ಕೆ ಹೊರಟಿತು. ಕ್ಷೌರಿಕ ಜಾರ್ಜ್ ವಾಷಿಂಗ್ಟನ್ ಆಗಿದ್ದ, ವಿಗ್ಗು ತನ್ನ ಅಂಗಡಿಯದೇ. ದಂತವೈದ್ಯನ ಹೆಂಡತಿ ದೇಶದ ಮೊದಲ ಬಾವುಟ ಹೊಲಿದವಳ ವೇಷದಲ್ಲಿ ಹೊಲಿಯುತ್ತ ಟ್ರ್ಯಾಕ್ಟರಿನ ಹಿಂದೆ ಕೂತಿದ್ದಳು, ಗುಂಡಿ ಬಂದಾಗಲೆಲ್ಲ ಸೂಜಿ ಚುಚ್ಚಿಕೊಂಡು ಪಾದ್ರಿಗೆ ಕೇಳಿಸಬಾರದ ಮಾತಾಡುತ್ತಿದ್ದಳು. ಗಾಳಿಪಟ ಹಿಡಿದು ಮಿಂಚು ಇಳಿಸಬೇಕಾಗಿದ್ದ ವಿಮೆ ಏಜೆಂಟ್ ಗಾಳಿ ಇಲ್ಲದ್ದರಿಂದ ಕೋಲಿಗೆ ಪಟ ಕಟ್ಟಿಕೊಂಡಿದ್ದ. ಇವರೆಲ್ಲ ದೇಶದವರು, ಯಾವ ಊರಿನಲ್ಲಾದರೂ ಸಿಗುತ್ತಾರೆ. ಕೊನೆಯ ಗಾಡಿಯಲ್ಲಿ ಒಬ್ಬನೇ ನಿಂತ ಕರಿ ಉಣ್ಣೆ ಕೋಟಿನವನು ನಮ್ಮವನು. "ಕ್ರಲ್ ತಾತಾ! ಕ್ರಲ್ ತಾತಾ!" ಅಂತ ಎರಡೂ ಕಡೆಯಿಂದ ಕೂಗು. ಎಲ್ವುಡ್ ಕೈ ಎತ್ತಿದ. ಅಂಟಿನಡಿ ಬೆವರು ಹರಿದು ಗದ್ದ ನವೆಯುತ್ತಿತ್ತು. ಕೆರೆದುಕೊಂಡರೆ ಗಡ್ಡ ಕೈಗೆ ಬರುತ್ತದೆ. ಕೂಗುತ್ತಿರುವ ಒಬ್ಬೊಬ್ಬರ ಹೆಸರೂ ಅವನಿಗೆ ಗೊತ್ತು, ಯಾರ ಮನೆಯ ಬಾಗಿಲಿನ ಬಿಜಾಗರಿ ಎಷ್ಟಂಗುಲ ಎಂಬುದೂ ಗೊತ್ತು. ನಾಳೆ ಇವರೇ ಅಂಗಡಿಗೆ ಬಂದು ತಲೆ ಎತ್ತದೆ, "ಅರ್ಧ ಇಂಚಿನ ಸ್ಕ್ರೂ" ಅನ್ನುತ್ತಾರೆ. ಇವರು ಕೂಗುತ್ತಿರುವುದು ಗಡ್ಡಕ್ಕೆ. ಗಡ್ಡದ ಹಿಂದೆ ಸಿಪ್ಪೆ ಯಂತ್ರವಿದೆ ಅಂತ ಇವರ ನಂಬಿಕೆ, ಇರುವುದು ಬರೀ ಅಂಟು. ಇಷ್ಟೆಲ್ಲ ತಿಳಿದೂ ಕೂಗು ಕೇಳಿದಾಗ ಬೆನ್ನು ನೆಟ್ಟಗಾಯಿತಲ್ಲ ಎಂದು ಅವನಿಗೆ ತನ್ನ ಬೆನ್ನಿನ ಮೇಲೆಯೇ ಸಿಟ್ಟು ಬಂತು.

ವೇದಿಕೆಯ ಮೇಲೆ ಯಂತ್ರ ಸಿದ್ಧವಿತ್ತು. ಜುಲೈಯಲ್ಲಿ ಓಹಾಯೋದ ಮರದಲ್ಲಿ ಸೇಬು ಎಲ್ಲಿಂದ ಬರಬೇಕು, ಶೈತ್ಯಾಗಾರದಿಂದ ತರಿಸಿದ್ದು, ಮೇಣ ಮೆತ್ತಿ ಮಿನುಗುತ್ತಿತ್ತು. ಎಲ್ವುಡ್ ಸೇಬನ್ನು ಮುಳ್ಳಿಗೆ ಚುಚ್ಚಿ ಹಿಡಿ ತಿರುಗಿಸಿದ. ಸಿಪ್ಪೆ ತುಂಡಾಗದೆ ಒಂದೇ ಎಳೆಯಾಗಿ ನೆಲ ಮುಟ್ಟಿದರೆ ಊರಿಗೆ ಒಳ್ಳೆಯ ವರ್ಷ. ಜನ ಉಸಿರು ಬಿಗಿಹಿಡಿದರು. ಸಿಪ್ಪೆ ನೆಲ ಮುಟ್ಟಿತು, ಚಪ್ಪಾಳೆ ಬಿತ್ತು. ಪರವಾಗಿಲ್ಲ, ಯಂತ್ರ ಒಳ್ಳೆಯದೇ. ಮಾಡಿದವರು ಯಾರೋ ಕೆಲಸ ಬಲ್ಲವರು. ಆಮೇಲೆ ಭಾಷಣ. ಭಾಷಣ ಅವನೇ ಐವತ್ತಮೂರರಲ್ಲಿ ಬರೆದದ್ದು: ಚಳಿಗಾಲದ ಒಂದು ಸಂಜೆ, ಹೆಂಡತಿ ಪ್ರೂಡೆನ್ಸ್ ಸೇಬು ಹೆಚ್ಚುವಾಗ ಬೆರಳು ಕೊಯ್ದುಕೊಂಡಳು, ಬಿಳಿ ಸೇಬಿನ ಮೇಲೆ ಮೂರು ತೊಟ್ಟು ರಕ್ತ ಬಿತ್ತು, ಅದನ್ನು ಕಂಡು ಥ್ಯಾಡಿಯಸ್‌ನ ಮನಸ್ಸು ಕರಗಿತು. ಇದಕ್ಕೆ ಯಾವ ದಾಖಲೆಯೂ ಇರಲಿಲ್ಲ. ಬರೆಯುವ ಹೊತ್ತಿಗೆ ಎಲ್ವುಡ್‌ಗೆ ಒಂದು ಬೆರಳು ಬೇಕಾಯಿತು, ಕೊಯ್ದ. ಈಗ ಅದು ಜಿಲ್ಲೆಯ ಶಾಲಾಪುಸ್ತಕದಲ್ಲಿದೆ, ಮೂರು ತೊಟ್ಟಿನ ಬಣ್ಣದ ಚಿತ್ರ ಸಮೇತ. ಪ್ರೂಡೆನ್ಸ್ ಗೋರಿಯ ಮೇಲೆ ಪ್ರತಿ ವರ್ಷ ಯಾರೋ ಒಂದು ಸೇಬು ಇಟ್ಟು ಹೋಗುತ್ತಾರೆ. ಲೂಮಿಸ್ ಬೆಂಡ್‌ನಲ್ಲಿ ನಿಜವಾಗಿ ಏನನ್ನಾದರೂ ಕಂಡುಹಿಡಿದವನು ಇದ್ದರೆ ಆ ರಕ್ತ ಕಂಡುಹಿಡಿದ ನಾನೇ, ಎಂದು ಅವನಿಗೆ ಹೊಳೆಯಿತು. ಎದುರಿಗೆ ಮೊದಲ ಸಾಲಿನಲ್ಲಿ ಅತ್ತೆ ಕೊಡೆಯ ನೆರಳಿನಲ್ಲಿ ಗದ್ದ ಎತ್ತಿ ಕೂತಿದ್ದಳು, ಪಕ್ಕದಲ್ಲಿ ನೀಲಿ ಪಟ್ಟಿ ಸಿಕ್ಕಿಸಿಕೊಂಡ ವರ್ನಾ; ಹನ್ನೆರಡನೆಯದೂ ಬಂದಿತ್ತು. ಕೈ ಒಳಜೇಬಿಗೆ ಹೋಯಿತು. ಕಾಗದದ ಮೂಲೆ ಬೆರಳಿಗೆ ಸಿಕ್ಕಿತು.

"ನಾನು ಥ್ಯಾಡಿಯಸ್ ಕ್ರಲ್," ಎಂದು ಶುರು ಮಾಡಿ ಎಲ್ವುಡ್ ನಿಲ್ಲಿಸಿದ. ಮೈಕು ಕುಯ್ಯೆಂದಿತು. "ನಾನು... ನಾನು ಏನೂ ಮಾಡ್ಲಿಲ್ಲ. ಸುಮ್ನೆ ಪಕ್ಕದಲ್ಲಿ ನಿಂತಿದ್ದೆ."

ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆಮೇಲೆ ಹಿಂದಿನಿಂದ ಯಾರೋ, "ನೋಡ್ರಪ್ಪಾ, ದೊಡ್ಡೋರ ಲಕ್ಷಣ ಅಂದ್ರೆ ಇದು! ಒಂಚೂರು ಜಂಬ ಇಲ್ಲ!" ಎಂದು ಕೂಗಿದರು. ಇಡೀ ಮೈದಾನ ಚಪ್ಪಾಳೆ ಹೊಡೆದು ಎದ್ದು ನಿಂತಿತು. ಪಕ್ಕದ ಊರಿನವರು ಬಂದಿದ್ದರು, ಅವರ ಕಡೆ ತಿರುಗಿ ತಿರುಗಿ ನೋಡುತ್ತ ಇವರು ಇನ್ನೂ ಜೋರಾಗಿ ಹೊಡೆದರು. ಅತ್ತೆ ಕರವಸ್ತ್ರದಿಂದ ಕಣ್ಣು ಒರೆಸಿಕೊಂಡಳು. ಕ್ಷೌರಿಕ ವಿಗ್ಗು ತೆಗೆದು ಎದೆಗೆ ಒತ್ತಿಕೊಂಡ. ಎಲ್ವುಡ್ ಇನ್ನೊಂದು ಮಾತಿಗೆ ಬಾಯಿ ತೆರೆದ, ಬ್ಯಾಂಡು ಶುರುವಾಗಿಬಿಟ್ಟಿತು. ಧೈರ್ಯ ಇದ್ದದ್ದೇ ಒಂದು ಮಾತಿನಷ್ಟು, ಅದೂ ವಿನಯದ ಖಾತೆಗೆ ಹೋಯಿತು. ನಾಚಿಕೆಯಿಂದ ಅವನ ಕೆನ್ನೆ ಕೆಂಪಾಯಿತು. ಗಡ್ಡ ಇತ್ತು, ಯಾರಿಗೂ ಕಾಣಲಿಲ್ಲ.

ಇಳಿದು ಬರುವಾಗ ಪೆಟ್ಟಿಗೆ ಕಂಡಿತು. ಬಾವುಟದ ಕಂಬದ ಬುಡದಲ್ಲಿ ಗುಂಡಿ, ಗುಂಡಿಯ ಬಾಯಲ್ಲಿ ಹಗ್ಗ ಕಟ್ಟಿದ ಗಿಡ್ಡ ಪೆಟ್ಟಿಗೆ, ಜನ ಸಾಲಾಗಿ ಬಂದು ಒಂದೊಂದು ವಸ್ತು ಹಾಕುತ್ತಿದ್ದರು. ಎರಡು ಸಾವಿರದ ಎಪ್ಪತ್ತಾರಕ್ಕೆ ತೆರೆಯಬೇಕು. ಎಲ್ವುಡ್ ಮನಸ್ಸಿನಲ್ಲಿ ಥಟ್ಟನೆ ಒಂದು ತಂಪು ಗಾಳಿ ಬೀಸಿತು. ನೂರು ವರ್ಷ! ಅತ್ತೆ ಇರುವುದಿಲ್ಲ, ವರ್ನಾ ಇರುವುದಿಲ್ಲ, ತಾನೂ ಇರುವುದಿಲ್ಲ. ಸತ್ಯ ಹೇಳಿದ ಹಾಗೂ ಆಯಿತು, ಹೊಡೆತ ತಿನ್ನುವುದೂ ತಪ್ಪಿತು. ಹಾವೂ ಸಾಯಬೇಕು, ಕೋಲೂ ಮುರಿಯಬಾರದು ಎಂದರೆ ಇದಕ್ಕಿಂತ ಒಳ್ಳೆಯ ಜಾಗ ಸಿಕ್ಕೀತೇ? ಕಂದು ಲಕೋಟೆ ಒಂದನ್ನು ಇತಿಹಾಸ ಸಂಘದ ಮೇಜಿನಿಂದ ಎತ್ತಿಕೊಂಡು, ಕಾಗದವನ್ನು ಅದರೊಳಗೆ ತಳ್ಳಿ, ಅಂಟು ನೆಕ್ಕಿ, ಸಾಲಿನಲ್ಲಿ ನಿಂತ. ಮುಂದಿದ್ದವಳು ತನ್ನ ಮಗನ ಹಾಲುಹಲ್ಲು ಹಾಕಿದಳು. ಇವನು ಲಕೋಟೆ ಜಾರಿಸಿದ. ಎದೆಯ ಮೇಲಿನ ಕಲ್ಲು ಇಳಿಸಿದ ಹಾಗಾಯಿತು. ಎರಡು ಹೆಜ್ಜೆ ಹಾಕುವಷ್ಟರಲ್ಲಿ ಮರ್ಲ್ ಮೈಕ್ ಹಿಡಿದು, ಒಳಗೆ ಹೋದದ್ದನ್ನೆಲ್ಲ ಊರಿಗೆ ಓದಿ ಹೇಳುವ ಪದ್ಧತಿ ಉಂಟು ಎಂದ. ಪದ್ಧತಿ ಏನೂ ಇರಲಿಲ್ಲ, ಇಂಥ ಪೆಟ್ಟಿಗೆ ಹೂಳುತ್ತಿದ್ದದ್ದೇ ಮೊದಲ ಸಲ. ಹೆಣ ಇಳಿಸುವ ಮೊದಲು ನಾಲ್ಕು ಮಾತು ಆಡದಿದ್ದರೆ ಅವನಿಗೆ ನಿದ್ದೆ ಬರುವುದಿಲ್ಲ.

"ಒಂದು ಹಾಲುಹಲ್ಲು. ಒಂದು ಫುಟ್‌ಬಾಲ್ ಟೋಪಿ. ಬ್ಯಾಂಕಿನ ಕ್ಯಾಲೆಂಡರ್. ಒಂದು ಲಕೋಟೆ... ಎಲ್ವುಡ್, ಇದು ನಿಂದಲ್ವಾ? ಏನಿದೆ ಇದ್ರಲ್ಲಿ? ಹೆಸರೇ ಬರೆದಿಲ್ಲ."

ಐನೂರು ತಲೆಗಳು ತಿರುಗಿದವು. ಮರ್ಲ್‌ನ ಹೆಬ್ಬೆರಳು ಲಕೋಟೆಯ ಬಾಯಿಯ ಮೇಲಿತ್ತು. ಇನ್ನೊಂದು ಕ್ಷಣ ಸುಮ್ಮನಿದ್ದರೆ ಹರಿಯುತ್ತಾನೆ. ಹರಿದರೆ ಹರಿಯಲಿ ಎಂದು ಒಂದು ಮನಸ್ಸು ಕೂಗಿತು, ಮೂವತ್ತಾರು ವರ್ಷದ ಇನ್ನೊಂದು ಮನಸ್ಸು ಅದರ ಬಾಯಿ ಮುಚ್ಚಿತು.

"ವರ್ನಾ ಪೈದು," ಅಂದ ಎಲ್ವುಡ್. "ಅವಳ ಪೈ ಮಾಡೋ ಗುಟ್ಟು. ಮುಂದಿನ ತಲೆಮಾರಿಗೆ ಇರ್ಲಿ ಅಂತ."

"ಅಯ್ಯೋ, ನಮಗೂ ಒಂಚೂರು ಹೇಳೋ!" ಅಂತ ಹೆಂಗಸರ ಕಡೆಯಿಂದ ಕೂಗು ಬಂತು. ಚಪ್ಪಾಳೆ, ನಗು. ಮರ್ಲ್ ಲಕೋಟೆಗೆ ಮುತ್ತಿಟ್ಟು ಒಳಗೆ ಹಾಕಿ ಮುಚ್ಚಳ ಎಳೆದ. ಮೇಣ, ತಿರುಪು, ಆಮೇಲೆ ಹಗ್ಗ ಸಡಿಲಿಸಿದರು, ಕಾಂಕ್ರೀಟಿನ ಲಾರಿ ಹಿಂದೆ ಹಿಂದೆ ಬಂತು. ಎಲ್ವುಡ್‌ನ ತೋಳನ್ನು ಯಾರೋ ಹಿಡಿದರು. ವರ್ನಾ. ಅವಳ ಮುಖದಲ್ಲಿ ರಕ್ತವಿರಲಿಲ್ಲ. ಒಂದೂ ಮಾತಿಲ್ಲದೆ ಅವನನ್ನು ನಿಂಬೆ ಪಾನಕದ ಅಂಗಡಿಯ ಹಿಂದೆ, ಖಾಲಿ ಪೆಟ್ಟಿಗೆಗಳ ಮಧ್ಯೆ ಎಳೆದುಕೊಂಡು ಹೋದಳು.

"ಹೇಗೆ ಗೊತ್ತಾಯ್ತು ನಿಂಗೆ?"

"ಏನು?"

"ನಾಟಕ ಆಡಬೇಡ ಎಲ್ವುಡ್. ಡಬ್ಬದ ಮೇಲಿನ ಚೀಟಿ ತಾನೇ ಹಾಕಿದ್ದು? ಶೆಡ್ಡಿನ ಹಿಂದೆ ಹೂತಿದ್ದೆ ನಾನು, ಒಂದೊಂದೂ ಚಪ್ಪಟೆ ಮಾಡಿ. ಅಗೆದ್ಯಾ?" ಅವಳು ಅಂಗಡಿಯ ಕಡೆ ಒಮ್ಮೆ ತಿರುಗಿ ನೋಡಿ ದನಿ ತಗ್ಗಿಸಿದಳು. "ಹನ್ನೆರಡು ವರ್ಷ ಆಯ್ತು. ಮೊದಲನೇ ವರ್ಷ ನನ್ನ ಕೈಗೆ ಸಂಧಿವಾತ ಬಂದಿತ್ತು, ಸುಲಿಯೋಕೆ ಆಗ್ಲಿಲ್ಲ. ಅಂಗಡಿಯಿಂದ ಡಬ್ಬದ ಸೇಬು ತಂದು ಸುರಿದೆ. ಬಹುಮಾನ ಬಂತು. ಆಮೇಲೆ ನಿಲ್ಲಿಸೋಕೆ ಹೇಗಾಗುತ್ತೆ ಹೇಳು? ಸಿಪ್ಪೆ ಸುಲಿಯೋ ಯಂತ್ರದ ಮನೆ ಹೆಣ್ಣು ನಾನು, ಹನ್ನೆರಡು ವರ್ಷದಿಂದ ಒಂದು ಸೇಬು ಸುಲಿದಿಲ್ಲ. ಅಮ್ಮಂಗೆ ಗೊತ್ತಾದ್ರೆ ಎದೆ ಒಡ್ಕೊಂಡು ಸಾಯ್ತಾಳೆ."

ಕುಂಬಳಕಾಯಿ ಕಳ್ಳ ಎಂದಿದ್ದಷ್ಟೇ, ಅವಳು ತಾನಾಗಿ ಹೆಗಲು ಮುಟ್ಟಿ ನೋಡಿಕೊಂಡಿದ್ದಳು. ಎಲ್ವುಡ್ ಅವಳನ್ನು ನೋಡಿದ. ಇವಳು ತನಗೆ ಹೆದರಿದ್ದನ್ನು ಅವನು ಹಿಂದೆ ಕಂಡಿರಲಿಲ್ಲ. ಚೆನ್ನಾಗಿತ್ತು. ಚೆನ್ನಾಗಿದೆ ಅನ್ನಿಸಿದ ಕೂಡಲೇ ಅಸಹ್ಯವೂ ಆಯಿತು. ಊದಿಕೊಂಡ ಗಿಣ್ಣಿನ ಅವಳ ಬೆರಳುಗಳು ಅವನ ತೋಳಿನ ಮೇಲೇ ಇದ್ದವು. ಹನ್ನೆರಡು ವರ್ಷ ಒಂದೇ ಮನೆಯಲ್ಲಿದ್ದು, ಆ ಕೈಗೆ ಚಾಕು ಹಿಡಿಯಲು ಆಗುವುದಿಲ್ಲ ಎಂಬುದು ತನಗೆ ಗೊತ್ತಿರಲಿಲ್ಲವಲ್ಲ.

"ಪೈ ವಿಷಯ ಅಲ್ಲ ವರ್ನಾ," ಅಂದ. "ಅದು ನಂಗೆ ಗೊತ್ತೇ ಇರ್ಲಿಲ್ಲ. ಲಕೋಟೆಯಲ್ಲಿರೋದು ಆ ಪೇಟೆಂಟ್. ಅಸಲಿದು. ನಿಮ್ಮ ಮುತ್ತಜ್ಜ ಯಂತ್ರ ಕಂಡುಹಿಡಿದಿಲ್ಲ. ಅವರು ಸಾಕ್ಷಿ. ಬರೀ ಸಾಕ್ಷಿ ರುಜು ಹಾಕಿದ್ದು. ಚೌಕಟ್ಟಿನ ರಟ್ಟು ಮುಚ್ಚಿಬಿಟ್ಟಿತ್ತು ಅದನ್ನ." ಮೂವತ್ತಾರು ವರ್ಷದಿಂದ ಕಾದ ಹೊಡೆತ ಕೊನೆಗೂ ಕೈಬಿಟ್ಟಿತ್ತು. ಅವಳು ಬೀಳುವುದನ್ನು ನೋಡಲಾರದೆ ಅವನು ಕಣ್ಣು ಕೆಳಗೆ ಹಾಕಿದ.

"ಅಷ್ಟೇನಾ?" ಅಂದಳು ವರ್ನಾ.

ಅವನು ತಲೆ ಎತ್ತಿದ. ಅವಳು ಒಂದು ಖಾಲಿ ಪೆಟ್ಟಿಗೆಯ ಮೇಲೆ ಕುಸಿದು ಕೂತು ಎದೆಯ ಮೇಲೆ ಕೈ ಇಟ್ಟುಕೊಂಡಿದ್ದಳು, ಮುಖಕ್ಕೆ ರಕ್ತ ವಾಪಸ್ಸು ಬರುತ್ತಿತ್ತು.

"ಅಬ್ಬಾ! ನನ್ನ ಜೀವಾನೇ ಹೋಗಿತ್ತಲ್ಲೋ. ನಾನು ಪೈ ಅಂದ್ಕೊಂಡೆ." ಅವಳು ನಗತೊಡಗಿದಳು. "ಮುತ್ತಜ್ಜ ಏನು ಕಂಡುಹಿಡಿತಾನೆ ಬಿಡು. ನಮ್ಮ ಮನೇಲಿ ಯಾರಾದ್ರೂ ಒಂದು ಮೊಳೆ ನೆಟ್ಟಗೆ ಹೊಡೆದಿದ್ದು ನೋಡಿದ್ದೀಯಾ ನೀನು? ನಮ್ಮಪ್ಪ ಹಾರ್ಡ್‌ವೇರ್ ಅಂಗಡಿ ಇಟ್ಕೊಂಡು ಕ್ಯಾಲೆಂಡರ್ ನೇತು ಹಾಕೋಕೂ ನಿನ್ನನ್ನ ಕರೀತಿದ್ದ. ಆ ಬಣ್ಣದ ಡಬ್ಬದ ಮೂತಿ ಮಾಡಿದ್ಯಲ್ಲ ನೀನು, ಈ ವಂಶದಲ್ಲಿ ಯಾರಾದ್ರೂ ಏನಾದ್ರೂ ಮಾಡಿದ್ದು ಅಂದ್ರೆ ಅದೊಂದೇ."

"ನೀನೂ ನಕ್ಕಿದ್ದೆ ಆವತ್ತು."

"ನಕ್ಕಿದ್ದೆ," ಅಂದಳು ವರ್ನಾ. "ಅಪ್ಪ ನಕ್ಕಾಗ ನಗದೇ ಇದ್ದೋರು ಆ ಮೇಜಿನ ಹತ್ರ ಊಟ ಮಾಡೋ ಹಾಗಿರ್ಲಿಲ್ಲ. ತಪ್ಪಾಯ್ತು."

ಎಲ್ವುಡ್ ಉಣ್ಣೆ ಕೋಟಿನ ಗುಂಡಿ ಬಿಚ್ಚಿದ. ಅವಳ ಪಕ್ಕದಲ್ಲಿ ಇನ್ನೊಂದು ಪೆಟ್ಟಿಗೆಯ ಮೇಲೆ ಕೂತ. ಅವಳು ಕೈ ಚಾಚಿ ಅವನ ಗಡ್ಡದ ಒಂದು ತುದಿ ಹಿಡಿದು ಸರ್ರನೆ ಕಿತ್ತಳು. ಉರಿಯಿತು. ಗದ್ದಕ್ಕೆ ಗಾಳಿ ತಗುಲಿತು, ಹಿತವಾಯಿತು. ಬೆಟ್ಟ ಅಗೆದು ಇಲಿ ಹಿಡಿದಂತಾಯಿತು ಎಂದು ಅವನಿಗೆ ಅನ್ನಿಸಲಿಲ್ಲ, ಆಶ್ಚರ್ಯವೆಂದರೆ ಬೆಟ್ಟವೇ ಹೋಗಿತ್ತು. ಅತ್ತ ಲಾರಿಯ ಡೋಲು ತಿರುಗಿ ಕಾಂಕ್ರೀಟು ಗುಂಡಿಗೆ ಸುರಿಯುತ್ತಿತ್ತು, ಜನ ಕೂಗುತ್ತಿದ್ದರು, ಮರ್ಲ್ ಟೋಪಿ ತೆಗೆದು ನಿಂತಿದ್ದ. ತಾನು ಕೊನೆಗೂ ಒಂದು ನ್ಯಾಯದ ಕೆಲಸ ಮಾಡಿದೆ, ನಿಧಾನದ್ದಾದರೂ ನ್ಯಾಯ, ಎಂದು ಎಲ್ವುಡ್ ಅಂದುಕೊಂಡ.

"ಅದಿರ್ಲಿ," ಅಂದಳು ವರ್ನಾ, ಕಣ್ಣೀರು ಒರೆಸಿಕೊಳ್ಳುತ್ತ. "ಹಾಗಾದ್ರೆ ಅದನ್ನ ನಿಜವಾಗ್ಲೂ ಕಂಡುಹಿಡಿದೋರು ಯಾರು?"

ಎಲ್ವುಡ್ ಬಾಯಿ ತೆರೆದ. ಎಡಗಡೆಯ ಅಕ್ಷರಗಳೆಲ್ಲ ಕಣ್ಣಿಗೆ ಕಟ್ಟಿದ ಹಾಗಿದ್ದವು, ಸಾಕ್ಷಿಗಳು ಎಂಬ ಪದದ ಶಾಯಿ ಎಲ್ಲಿ ದಪ್ಪ, ಎಲ್ಲಿ ತೆಳು ಎಂಬುದೂ. ಕ್ರಲ್‌ನ ಕೊಕ್ಕೆಗಳು, ಅಸಾ ಪಿಂಗ್ರಿ. ಐದು ದಿನ ಆ ಕಾಗದವನ್ನು ಇಪ್ಪತ್ತು ಸಲ ಬಿಚ್ಚಿದ್ದ, ಇಪ್ಪತ್ತು ಸಲವೂ ಕ್ರಲ್ ಎಷ್ಟು ಚಿಕ್ಕವನಾದ ಎಂಬುದನ್ನೇ ನೋಡಿ ಮಡಚಿದ್ದ. ಬಲಗಡೆ ಒಂದು ಹೆಸರಿತ್ತು. ಉದ್ದವಿತ್ತೋ, ಗಿಡ್ಡವಿತ್ತೋ. ಅವನು ಹಣೆ ಉಜ್ಜಿಕೊಂಡ. ಕಾಂಕ್ರೀಟು ಸುರಿಯುವ ಸದ್ದು ನಿಂತಿತು.

"ಗಂಡಸೋ ಹೆಂಗಸೋ, ಅದನ್ನಾದ್ರೂ ಹೇಳು."

"ನೋಡ್ಲಿಲ್ಲ," ಅಂದ ಎಲ್ವುಡ್.